ಇನ್ನೊಂದು ಜಡೆ

ಹಲಸೂರು
14.7.2003

ಆಶಾರಾಣಿ ಮೇಡಂಗೆ ನಮಸ್ಕಾರ.

ಹೀಗೆ ಪತ್ರ ಬರೆದು ತೊಂದರೆ ಕೊಡ್ತಿರೋದಕ್ಕೆ ಸಾರಿ. ನಿಮ್ಮ ಕೌನ್ಸೆಲಿಂಗ್ ರೂಮಿನ ಮುಂದೆ ಎರಡು ಸಲ ಕೂತಿದ್ದೆ, ಅಮ್ಮ ಪಕ್ಕದಲ್ಲೇ ಇದ್ದಿದ್ದರಿಂದ ಕೇಳೋಕಾಗಲಿಲ್ಲ. ನಾನು ಹನ್ನೆರಡನೇ ಬೆಡ್ಡಿನ ಮುನಿರತ್ನಮ್ಮ ಅವರ ದೊಡ್ಡ ಮಗಳು. ಹಾಸ್ಟೆಲಲ್ಲೇ ಇದ್ದು ಇಂಗ್ಲಿಷ್ ಮೀಡಿಯಂ ಓದಿದವಳು, ಕನ್ನಡ ತಪ್ಪಿದ್ದರೆ ಕ್ಷಮಿಸಿ.

ಕೀಮೋಗೆ ಅಮ್ಮನ ಕೂದಲು ಉದುರಿದಾಗ, ಯುಕೆಜಿ ಓದೋ ತಂಗಿ ಹಂಸಾಗೆ ನಾನೇ ಸುಳ್ಳು ಹೇಳಿದೆ: "ಬೇಗ ಹುಷಾರಾಗಲಿ ಅಂತ ಅಮ್ಮ ದೇವರಿಗೆ ಮುಡಿ ಕೊಟ್ಟಿದ್ದಾಳೆ." ಆಗ ನಂಬಿಬಿಟ್ಟಳು. ನಿನ್ನೆ ನೋಡಿದರೆ, ಅಡುಗೆಮನೆ ಕತ್ತರಿಯಿಂದ ತನ್ನ ಒಂದು ಜಡೆ ಕತ್ತರಿಸಿ, ರಿಬ್ಬನ್ ಸಮೇತ ದೇವರ ಪಟದ ಮುಂದೆ ಇಟ್ಟಿದ್ದಾಳೆ. ಯಾಕೇ ಅಂದೆ.

"ಅಮ್ಮಂದು ಸಾಕಾಗಿಲ್ಲ ಅನ್ಸತ್ತೆ, ಅಕ್ಕ. ಇನ್ನೊಂದು ಜಡೆ ಸ್ಕೂಲಿಗೆ ಬೇಕು, ಮಿಸ್ ಬೈತಾರೆ."

ಶನಿವಾರ ಅಮ್ಮ ಮನೆಗೆ ಬರ್ತಾರೆ. ಇನ್ನೂ ಮೂರು ಕೀಮೋ ಇದೆಯಂತೆ. ಅಮ್ಮ ಬರೋಷ್ಟರಲ್ಲಿ ಹಂಸಾಗೆ ನಿಜ ಹೇಳ್ಬೇಕು, ಆದರೆ ಆ ಕಾಯಿಲೆ ಹೆಸರು ನನ್ನ ಬಾಯಿಗೇ ಬರಲ್ಲ. ಐದು ವರ್ಷದವಳಿಗೆ ಅರ್ಥ ಆಗೋ ಹಾಗೆ ನಾಲ್ಕು ಮಾತು ಬರೆದುಕೊಡ್ತೀರಾ? ಅದನ್ನೇ ಬಾಯಿಪಾಠ ಮಾಡಿ ಹೇಳ್ತೀನಿ.

ಕತ್ತರಿ ಬಚ್ಚಿಟ್ಟಿದ್ದೀನಿ. ಆದರೂ ಕಾಲೇಜಲ್ಲಿ ಕೂತಾಗಲೆಲ್ಲ ಇನ್ನೊಂದು ಜಡೆದೇ ಯೋಚನೆ.

ದಯವಿಟ್ಟು ಶುಕ್ರವಾರದೊಳಗೆ ಉತ್ತರ ಬರೆದು ವಾರ್ಡಿನ ಸಿಸ್ಟರ್ ಕೈಲಿ ಕೊಡಿ.

ಇಂತಿ,
ಸುಕನ್ಯಾ
ಫಸ್ಟ್ ಇಯರ್ ಬಿ.ಕಾಂ.