ಕಾರಿಲ್ಲದ ದ್ವೀಪಕ್ಕೆ ಹೊರಡುವ ಮುನ್ನ

ಅತ್ತೆಯವರಿಗೆ,

ದ್ವೀಪಕ್ಕೆ ಎಲ್ಲರಿಗೂ ಟಿಕೆಟ್ ಆಗಿದೆ. ನೀವು ಬಯಸಿದಂತೆ ಅಲ್ಲಿ ಕಾರಿಲ್ಲ, ಸ್ಕೂಟರೂ ಇಲ್ಲ. ಕಡಲ ಸದ್ದು ಬಿಟ್ಟರೆ ಬೇರೆ ಗಲಾಟೆಯಿಲ್ಲ.

ನಿಮ್ಮ ಮೊಮ್ಮಗ ಓಡುವ ಕಾರಿನಲ್ಲಿ ಮಾತ್ರ ನಿದ್ದೆ ಮಾಡುತ್ತಾನೆ. ಹುಟ್ಟಿದಾಗಿನಿಂದ ರಾತ್ರಿಯೆಲ್ಲ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬೀದಿ ಸುತ್ತುವವಳು ನಾನು, ಮನೆಯಲ್ಲಿ ಗೊರಕೆ ಹೊಡೆಯುವವರು ನಿಮ್ಮ ಮಗ. ಹೋದ ವಾರ ನೆಂಟರೆದುರು ನೀವು, "ಇವಳಿಗೆ ತಾಳ್ಮೆ ಇಲ್ಲ ಕಣ್ರೀ. ನಾನು ಎರಡು ಸಲ ಬೆನ್ನು ತಟ್ಟಿದ್ರೆ ಸಾಕು, ನನ್ನ ಮಕ್ಕಳು ತೆಪ್ಪಗೆ ಮಲಗ್ತಿದ್ವು" ಎಂದಿರಿ. ಎಲ್ಲರೂ ನಕ್ಕರು. ಇವರೂ ನಕ್ಕರು.

ಹಾಗಾಗಿ ತೊಟ್ಟಿಲನ್ನು ನಿಮ್ಮ ಕೋಣೆಯಲ್ಲೇ ಹಾಕಲು ಹೇಳಿದ್ದೇನೆ. ನಿಮ್ಮ ಮಗನ ಮಂಚವೂ ಅಲ್ಲೇ. ನನ್ನ ಕೋಣೆ ದ್ವೀಪದ ಆ ತುದಿಯಲ್ಲಿದೆ. ಮರಳಿನಲ್ಲಿ ನಡೆದೇ ಬರಬೇಕು.

ಹಾಲಿನ ಬಾಟಲಿಗಳನ್ನು ಕುದಿಯುವ ನೀರಿನಲ್ಲೇ ತೊಳೆಯಿರಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ, ಇಲ್ಲದಿದ್ದರೆ ಕಾಲು ಹೊರಗೆ ಹಾಕುತ್ತಾನೆ. ಮೈ ಬಿಸಿಯಾದರೆ ಎಷ್ಟು ಹೊತ್ತಾಗಿದ್ದರೂ ನನ್ನನ್ನು ಎಬ್ಬಿಸಿ. ಬರೀ ಅಳುವಾದರೆ ಹೇಳಿಕಳಿಸಬೇಡಿ. ದ್ವೀಪ ಚಿಕ್ಕದು, ಅವನ ಗಂಟಲು ದೊಡ್ಡದು, ನನಗೆ ಕೇಳುತ್ತದೆ. ಕೇಳಿಸಿಕೊಂಡು, ಮಗ್ಗುಲು ಬದಲಿಸಿ ಮಲಗುತ್ತೇನೆ.

ನಿಮ್ಮ ಸೊಸೆ