ಊಟ ಬಿಟ್ಟ ಜೇಡ

ಸೋಮನಹಳ್ಳಿ
೧೪ ನವೆಂಬರ್ ೨೦೨೪

ನಮ್ಮ ವೀಣಳಿಗೆ, ನಿನ್ನ ಅತ್ತೆಯ ಆಶೀರ್ವಾದ.

ಹೇಗಿದ್ದೀಯಮ್ಮ? ಸೊಂಟನೋವು ಇಳಿಯಿತೇ? ಮಳವಳ್ಳಿಯಲ್ಲಿ ನಿಮ್ಮವ್ವ ಎಣ್ಣೆ ನೀರು ಹಾಕುತ್ತಾರೆ ತಾನೇ? ಊಟದ ವಿಷಯ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂದು ಹೇಳುವುದಕ್ಕೇ ಈ ಕಾಗದ. ಮನಸ್ಸು ಬಂದಾಗ ಓದು, ಅವಸರವಿಲ್ಲ. ನೀನು ತವರಿಗೆ ಹೋಗಿ ಎರಡು ತಿಂಗಳು ತುಂಬಿತು. ಮನೆ ಬಿಕೋ ಎನ್ನುತ್ತಿದೆ. ನನ್ನ ಮಾತಿಗೆ ಎದುರು ಮಾತಾಡುವವರೇ ಇಲ್ಲ ಕಣಮ್ಮ.

ನಿನ್ನ ಜೇಡ ಚೆನ್ನಾಗಿದೆ. ಮೊದಲೇ ಹೇಳಿಬಿಟ್ಟೆ, ಗಾಬರಿಯಾಗಬೇಡ. ಕಾಲೇಜಿನ ಪಾಠಕ್ಕೆಂದು ನೀನು ಆ ಟರಾಂಟುಲಾವನ್ನು ಗಾಜಿನ ಪೆಟ್ಟಿಗೆಯಲ್ಲಿ ತಂದ ದಿನ, ಅಂಗೈಯಗಲದ ಅದರ ಮೈಕೂದಲು ನೋಡಿ "ಅಯ್ಯೋ ಸಿವ್ನೇ, ಇದ್ನ ಮನೇಲಿಕ್ಕಂಡು ಸಾಕ್ತಾರೇನೇ?" ಎಂದು ಕಿರುಚಿದವಳು ನಾನು. ಈಗ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುತ್ತೇನೆ. ಅದು ಕಣ್ಣಿಂದ ಬೇಟೆ ಹುಡುಕುವುದಿಲ್ಲ, ನೆಲ ಅದುರುವುದನ್ನು ಕಾಲಿನಿಂದಲೇ ತಿಳಿಯುತ್ತದೆ ಎಂದು ನೀನು ಹೇಳಿದ್ದು ನಿಜ. ಜಿರಲೆ ಹತ್ತಿರ ಸುಳಿಯುವವರೆಗೂ ಅಲುಗಾಡದೆ ಕೂತು, ಒಂದೇ ಏಟಿಗೆ ಎಗರಿ ಹಿಡಿಯುತ್ತದೆ. ಆಮೇಲೆ ಗಂಟೆಗಟ್ಟಲೆ ರಸ ಹೀರಿ, ಕಬ್ಬು ತಿಂದವರ ಹಾಗೆ ಸಿಪ್ಪೆಯನ್ನು ಉಂಡೆ ಮಾಡಿ ಉಗಿಯುತ್ತದೆ.

ನೀನು ಹೋದ ಮೂರನೇ ವಾರದಿಂದ ಅದು ಊಟ ಬಿಟ್ಟಿತು. ಹತ್ತು ದಿನಕ್ಕೊಂದು ಜಿರಲೆ ಸಾಕು ಎಂದು ನೀನು ಹೇಳಿ ಹೋಗಿದ್ದೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಒಂದು ಮಗುವನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸದ ಕೈ ಕೇಳುತ್ತದೆಯೇ? ಒಂದು ಹಾಕಿದೆ, ಮುಟ್ಟಲಿಲ್ಲ. ಎರಡಾಯಿತು, ನಾಲ್ಕಾಯಿತು. ನೀನು ಬರೆದಿಟ್ಟ ಚೀಟಿಯನ್ನು ಓದಲೂ ಇಲ್ಲ. ಉಣಿಸುವುದನ್ನು ನನಗೆ ಇವಳೇನು ಹೇಳಿಕೊಡುವುದು ಎಂಬ ಜಂಬ! ಹೋದ ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ನೋಡಿದರೆ ಅಂಗಾತ ಬಿದ್ದಿದೆ, ಜಿರಲೆಗಳು ಅದರ ಮೈಮೇಲೆ ಹರಿದಾಡುತ್ತಿವೆ. "ಸತ್ತೋಯ್ತು ಬುಡಕ್ಕ, ತಿಪ್ಪೆಗಾಕು" ಎಂದಳು ಪಕ್ಕದ ಮನೆ ಬೆಟ್ಟಮ್ಮ. ನಿನಗೆ ಏನೆಂದು ಹೇಳಲಿ ಎಂದುಕೊಂಡೆ. ಆಗ ಚೀಟಿ ಹುಡುಕಿ ಓದಿದೆ. "ಅಂಗಾತ ಮಲಗಿದರೆ ಸತ್ತಿಲ್ಲ, ಪೊರೆ ಬಿಡುತ್ತಿದೆ. ಅದಕ್ಕೆ ಮುಂಚೆ ವಾರಗಟ್ಟಲೆ ತಿನ್ನುವುದಿಲ್ಲ. ಆಗ ಮೈ ಮೆತ್ತಗಿರುತ್ತದೆ, ತಿನ್ನಲು ಬಿಟ್ಟ ಹುಳುವೇ ಅದನ್ನು ಕಚ್ಚೀತು. ಎಲ್ಲ ತೆಗೆದು ಸುಮ್ಮನಿರಿ ಅತ್ತೆ."

ಇಕ್ಕಳದಿಂದ ಒಂದೊಂದೇ ಜಿರಲೆ ಎತ್ತುವಾಗ ನೀನು ಮಲಗಿದ್ದ ಕೋಣೆ ಕಣ್ಣ ಮುಂದೆ ಬಂತು. ಐದು ತಿಂಗಳ ಬಸಿರು ಕಳೆದುಕೊಂಡು ನೀನು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ನೆಂಟರನ್ನೆಲ್ಲ ಕರೆದು ನಿನ್ನ ಸುತ್ತ ಕೂರಿಸಿದವಳು ನಾನು. ಒಬ್ಬಳು ಬಾಳೆಹಣ್ಣು ಹಿಡಿದಳು, ಒಬ್ಬಳು ಕೋಳಿ ಸಾರು ತಂದಳು, ಎಲ್ಲರದ್ದೂ ಒಂದೇ ಮಾತು: "ಉಣ್ಣವ್ವ, ಇನ್ನೊಂದಾಯ್ತದೆ." ನಾನೂ ಮುದ್ದೆ ಮುರಿದು ಬಾಯಿಗೆ ಹಿಡಿದು ಗದರಿದೆ. ತಪ್ಪಾಯ್ತಮ್ಮ. ಪ್ರೀತಿ ಮಾಡುವುದಕ್ಕೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೇಡ ಹಳೇ ಮೈ ಕಳಚಿ ಹೊರಗೆ ಬಂತು. ನೀರಿನ ಬಟ್ಟಲು ತುಂಬಿಸಿದ್ದು ಬಿಟ್ಟರೆ ಎರಡು ವಾರ ನಾನೇನೂ ಮಾಡಲಿಲ್ಲ. ಅಷ್ಟು ಕಷ್ಟದ ಕೆಲಸ ಜನ್ಮದಲ್ಲಿ ಮಾಡಿಲ್ಲ ಬಿಡು. ನಿನ್ನೆ ಒಂದೇ ಒಂದು ಜಿರಲೆ ಬಿಟ್ಟೆ, ತಾನೇ ಹಿಡಿದು ತಿಂದಿತು. ನೋಡುವುದಕ್ಕೆ ನೀನಿರಬೇಕಿತ್ತು ಅನ್ನಿಸಿ ಅತ್ತುಬಿಟ್ಟೆ.

ಬೀಗರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮೈಮನಸ್ಸು ತಣ್ಣಗಿರಲಿ.

ನಿನ್ನ ಅತ್ತೆ,
ದೇವಿರಮ್ಮ

ಮರೆತಿದ್ದೆ: ಎರಡು ಭಾನುವಾರದಿಂದ ಶಶಿಧರ ಬರಲಿಲ್ಲ, ಫೋನೂ ಮಾಡಲಿಲ್ಲ ಎಂದು ಗಂಡನ ಮೇಲೆ ಮುನಿಯಬೇಡ. ಅವಳೇ ಕರೆಯುವ ತನಕ ಹೋಗಬೇಡ ಕಣ್ಲಾ ಎಂದು ತಡೆದವಳು ನಾನು. ಎರಡು ಸಲವೂ ಮದ್ದೂರು ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮಳವಳ್ಳಿ ಬಸ್ಸು ಹತ್ತದೆ ವಾಪಸ್ ಬಂದ. ಇದೂ ತಪ್ಪೋ ಏನೋ, ನನಗೆ ಗೊತ್ತಾಗುತ್ತಿಲ್ಲ. ಅವನು ಬರಲಿ ಅನ್ನಿಸಿದರೆ ನನ್ನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡು ಸಾಕು. ನಾನು ಎತ್ತುವುದಿಲ್ಲ.