ಹೆಸರು ಓದದ ಭಾನುವಾರ

ಅಜನಿ, ನಾಗಪುರ
೧೧ ನವೆಂಬರ್ ೨೦೨೪

ನನ್ನ ಮುದ್ದಿನ ರಚನಾ,

ಯೇಸುಸ್ವಾಮಿಯ ಕೃಪೆ ನಿನ್ನ ಮೇಲಿರಲಿ. ಹುಬ್ಬಳ್ಳಿಯ ಹಾಸ್ಟೆಲಿನ ಊಟ ಒಗ್ಗಿತೇ? ಶಾಲೆಯ ಮಕ್ಕಳಿಗೆ ಕೂಗಿ ಕೂಗಿ ಗಂಟಲು ಕೆಟ್ಟಿತ್ತಲ್ಲ, ಈಗ ಹೇಗಿದೆ? ಬಿಸಿನೀರು ಕುಡಿ ಎಂದರೆ ನೀನು ಕುಡಿಯುವವಳಲ್ಲ, ಆದರೂ ಹೇಳುತ್ತೇನೆ. ಫೋನು ಬಿಟ್ಟು ಕಾಗದ ಯಾಕೆ ಎನ್ನಬೇಡ. ಕೆಲವು ಮಾತು ನನಗೆ ಬಾಯಲ್ಲಿ ಬರುವುದಿಲ್ಲ.

ಬೈಪಾಸ್ ಆಗಿ ಮೂರು ತಿಂಗಳಾದರೂ ನಿನ್ನ ಪಪ್ಪಾ ಮಂಚ ಬಿಟ್ಟಿರಲಿಲ್ಲ. ಹೃದಯ ಚೆನ್ನಾಗಿದೆ, ನಡೆಯದಿದ್ದರೇ ಅಪಾಯ ಎಂದು ಡಾಕ್ಟರು ಬೈದರೂ ಇವರು ಕೇಳಬೇಕಲ್ಲ! ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ, ನೀರಿನ ಲೋಟ ಎತ್ತಲೂ ನನ್ನನ್ನು ಕರೆಯುತ್ತಿದ್ದರು. ಸೋಮಾರಿತನವಲ್ಲ ಮಗಳೇ, ಹೆದರಿಕೆ. ಹೆಜ್ಜೆ ಇಟ್ಟರೆ ಎದೆಯ ಹೊಲಿಗೆ ಬಿಚ್ಚೀತೆಂಬ ಭಯ. ಆ ಭಯಕ್ಕೆ ನಮ್ಮ ಸಭೆಯವರೂ ಗೊಬ್ಬರ ಹಾಕಿದರು. ಪ್ರತಿ ಭಾನುವಾರ ಆರಾಧನೆಯಲ್ಲಿ ಪಾಸ್ಟರ್ ಅಯ್ಯನವರು ಕಾಯಿಲೆಯವರ ಹೆಸರು ಓದಿ ಪ್ರಾರ್ಥಿಸುತ್ತಾರಲ್ಲ, ಅದರಲ್ಲಿ ಇವರದೇ ಮೊದಲು. ಇವರು ಮೊಬೈಲಿನಲ್ಲಿ ಆರಾಧನೆ ಹಾಕಿಕೊಂಡು, 'ಜಯಶೀಲ' ಎಂದು ಕೇಳಿದ ಕೂಡಲೇ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಜೋಡಿಸುತ್ತಿದ್ದರು. ಪೆಟ್ಟಿಗೆಯೊಂದೇ ಬಾಕಿ! ಒಂದು ದಿನ ಸಭೆಯ ದಮಯಂತಿಬಾಯಿ ಬಂದು ಇವರ ತಲೆಯ ಮೇಲೆ ಕೈಯಿಟ್ಟು, 'ದೇವಾ, ಇವರನ್ನ ಶಾಂತೀಲೆ ಕರಕೋ' ಎಂದು ಪ್ರಾರ್ಥಿಸಿದಳು. ನನಗೆ ಮೈಯೆಲ್ಲ ಉರಿಯಿತು. ಆಕೆ ಹೋದ ಮೇಲೆ ಇವರು ತಮ್ಮ ಮಣ್ಣಿಗೆ ಯಾವ ಕೀರ್ತನೆ ಹಾಡಬೇಕೆಂದು ಹೇಳಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅತ್ತದ್ದು ಸಾಕೆನಿಸಿ ಸೀದಾ ಅಯ್ಯನವರ ಬಳಿ ಹೋದೆ. 'ಪ್ರಾರ್ಥನಾ ಬಿಡಬ್ಯಾಡ್ರಿ, ಹೆಸರ ಓದೂದಷ್ಟ ಬಿಡ್ರಿ' ಎಂದೆ. ಅವರು ನಕ್ಕರು. 'ಯೇಸುಸ್ವಾಮಿನೂ ಹಾಸಿಗಿ ಹಿಡದಾಂವನ್ನ ಮೊದಲ ಕೇಳಿದ್ದು ವಾಸಿ ಆಗೂ ಮನಸ್ಸ ಐತೇನು ಅಂತನ ಅಲ್ಲೇನವ್ವಾ' ಎಂದರು.

ಆ ಭಾನುವಾರ ಹೆಸರುಗಳೆಲ್ಲ ಮುಗಿದವು, ಇವರದು ಬರಲೇ ಇಲ್ಲ. ಧಡಕ್ಕನೆ ಎದ್ದು ಕೂತರು. 'ನಾ ಸತ್ತೀನಂತ ತಿಳಕೊಂಡಾರೇನ ಇವರು? ಎಲ್ಲೈತಿ ನನ್ನ ಚಪ್ಪಲಿ?' ಅಯ್ಯೋ, ಆ ಸಿಟ್ಟು ನೋಡಿ ನನಗೆ ಮದುವೆಯಾದ ಹೊಸತರ ಇವರೇ ಕಂಡಂತಾಯಿತು! ಮಾತ್ರೆ ಡಬ್ಬಿ, ನೀರಿನ ಬಾಟಲಿ ಹಿಡಿದು ಹಿಂದೆ ಓಡಿದೆ. ದಾರಿಯ ಬೇವಿನ ಮರದ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಂಡು, ಮತ್ತೆ ಎದ್ದು ನಮ್ಮ ಸಭೆಯ ಗುಡಿ ಮುಟ್ಟಿದರು. ಜಗಳಕ್ಕೆಂದೇ ಹೋದವರ ಕೈಗೆ ಅಯ್ಯನವರು ಕಾಯಿಲೆಯವರ ಹೆಸರಿನ ಚೀಟಿ ಕೊಟ್ಟು, 'ಬಂದ್ರಲ್ಲ, ಬರೋಬರ್ ಆತು. ಇವರ ಸಲುವಾಗಿ ನೀವ ಪ್ರಾರ್ಥನಾ ಮಾಡ್ರಿ' ಎಂದರು. ಇವರು ಒಂದೊಂದೇ ಹೆಸರು ಓದಿ ಪ್ರಾರ್ಥಿಸಿದರು. ಬೇರೆಯವರ ನೋವು ಬಾಯಿಗೆ ಬಂದ ಮೇಲೆ ತಮ್ಮ ಎದೆಯನ್ನು ಮರೆತೇಬಿಟ್ಟರು.

ಈಗ ದಿನಾ ಸಂಜೆ ಕಾಯಿಲೆಯವರ ಮನೆಗೆ ನಡೆದೇ ಹೋಗುತ್ತಾರೆ. ಬಿ.ಪಿ. ಇಳಿದಿದೆ, ಊಟ ಸೇರುತ್ತಿದೆ. ಮಾತ್ರೆ ಬಿಟ್ಟಿಲ್ಲ, ಬಿಡಲು ನಾನು ಕೊಡುವವಳೂ ಅಲ್ಲ. ಮನಸ್ಸು ಗಟ್ಟಿಯಾದರೆ ರೋಗವೆಲ್ಲ ಓಡುತ್ತದೆ ಎನ್ನುವಷ್ಟು ದಡ್ಡಿಯಲ್ಲ ನಾನು. ಆದರೆ ದೇವರು ಗುಣ ಮಾಡಲು ನಿಂತಾಗ ನಾವು ಸಾಯಲು ಮಲಗಿದರೆ ಆತನಾದರೂ ಏನು ಮಾಡಿಯಾನು?

ಹಾಸ್ಟೆಲಿನ ನಿನ್ನ ಗೆಳತಿಯರಿಗೆಲ್ಲ ನನ್ನ ನೆನಪು ಹೇಳು. ಕರ್ತನು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಸುಗಂಧಾ

ತಾ.ಕ.: ನನ್ನ ಎಡ ಮೊಲೆಯಲ್ಲಿ ಗಂಟು ಸಿಕ್ಕಿದೆ. ಮುಂದಿನ ವಾರ ಗುರುವಾರ ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೆದರಿಕೆಯಾಗಿದೆ, ನಿನ್ನ ಹತ್ತಿರ ಸುಳ್ಳು ಯಾಕೆ. ನಿನ್ನೆ ಗುಡಿಯಲ್ಲಿ ಪಪ್ಪಾ ಬಂದು, 'ನಿನ್ನ ಹೆಸರ ಓದಲೇನ?' ಎಂದು ಮೆಲ್ಲಗೆ ಕೇಳಿದರು. 'ಓದ್ರಿ, ಆದರ ಬದುಕಿರೋರ ಹೆಸರ ಓದಿದಾಂಗ ಓದ್ರಿ' ಎಂದೆ. ಶೆಡ್ಡಿನಲ್ಲಿ ಕೂಗಿದ ಹಾಗೆ ಓದಿದರು, ಇಡೀ ಸಭೆ ತಿರುಗಿ ನೋಡಿತು. ಅದರ ಹಿಂದಿನ ದಿನ, ಬುಧವಾರದೊಳಗೆ ಬಾ. ಅಳುಮುಖ ಹುಬ್ಬಳ್ಳಿಯಲ್ಲೇ ಬಿಟ್ಟು ಬಾ. ಇದನ್ನು ಸ್ಪೀಡ್ ಪೋಸ್ಟಿಗೆ ಹಾಕಲು ಪಪ್ಪಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು 'ಜಲ್ದಿ, ಜಲ್ದಿ' ಎನ್ನುತ್ತಿದ್ದಾರೆ.